ದಾನ ಪಾರಮಿತಾ: ಷರತ್ತಿಲ್ಲದೆ ಕೊಡುವುದು, ತಲೆ ತಗ್ಗಿಸದೆ ಪಡೆಯುವುದು

*ಇಂದಿನ ಧಮ್ಮ ಚಿಂತನೆ*



ದಸ ಪಾರಮಿತೆಗಳನ್ನು ಒಂದೊಂದಾಗಿ ಅಭ್ಯಾಸ ಮಾಡುತ್ತಿದ್ದೇವೆ. ಇಂದಿನ ವಿಷಯ ದಾನ ಪಾರಮಿತಾ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 12ನೆಯದು ಈ ಹತ್ತು ಪಾರಮಿತೆಗಳನ್ನು ಪಾಲಿಸುತ್ತೇನೆ ಎನ್ನುವುದು. ಆದ್ದರಿಂದ ದಾನವು ಹಣವಿದ್ದವರು ಬಿಡುವಾದಾಗ ಮಾಡುವ ಪುಣ್ಯಕಾರ್ಯವಲ್ಲ. ದೀಕ್ಷೆ ತೆಗೆದುಕೊಂಡ ಪ್ರತಿಯೊಬ್ಬರೂ ಒಪ್ಪಿಕೊಂಡ ನಡತೆ ಅದು.

ಆದರೂ 'ದಾನ' ಎಂಬ ಮಾತು ಕೇಳಿದರೆ ನಮ್ಮಲ್ಲಿ ಬಹಳ ಜನರಿಗೆ ಮುಜುಗರವಾಗುತ್ತದೆ. ವಂದನೆಯ ಕೊನೆಗೆ ದಾನದ ಡಬ್ಬಿ ಬಂದಾಗ ಹತ್ತಿಪ್ಪತ್ತು ರೂಪಾಯಿ ಹಾಕುತ್ತೇವೆ, ಅದು ಸರಿ. ಆದರೆ ಅದೇ ಹಣದಲ್ಲಿ ನಮಗೆ ಯಾರಾದರೂ ಅಕ್ಕಿ ತಂದುಕೊಟ್ಟರೆ ಮೈ ಮುದುಡಿಕೊಳ್ಳುತ್ತದೆ. ಯಾಕೆ ಹೀಗೆ? ಮೊದಲು ಅದನ್ನೇ ನೋಡೋಣ.

*1. ನಮ್ಮ ಹಿರಿಯರಿಗೆ ಸಿಕ್ಕ 'ದಾನ'*

ನಮ್ಮ ಅಜ್ಜ ಅಜ್ಜಿಯರಿಗೆ ಊರು ಏನೂ ಕೊಡಲಿಲ್ಲ ಎನ್ನುವಂತಿಲ್ಲ. ಕೊಟ್ಟಿತು. ಬೊಗಸೆಯೊಡ್ಡಿ ನಿಂತವರಿಗೆ ಮೇಲಿನಿಂದ ನೀರು ಸುರಿಯಿತು. ಮದುವೆಯ ಕೊನೆಯ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಹಿತ್ತಲ ಕಡೆಯಿಂದ ಬುಟ್ಟಿಗೆ ಹಾಕಿತು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತವರಿಗೆ ಆಯ ಎಂದು ಕಾಳು ಅಳೆಯಿತು. ಹಬ್ಬಕ್ಕೆ ಉಟ್ಟು ಹಳೆಯದಾದ ಸೀರೆ ಕೊಟ್ಟಿತು.

ಪ್ರತಿಯೊಂದರ ಹಿಂದೆಯೂ ಷರತ್ತುಗಳಿದ್ದವು. ಸತ್ತ ದನ ಹೊರಬೇಕು. ಸಾವಿನ ಸುದ್ದಿಯನ್ನು ಊರೂರಿಗೆ ಮುಟ್ಟಿಸಬೇಕು. ಹಲಗೆ ಬಾರಿಸಬೇಕು. ಎದುರು ಮಾತಾಡಬಾರದು, ಚಪ್ಪಲಿ ಕೈಯಲ್ಲಿ ಹಿಡಿದು ಓಣಿ ದಾಟಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮವರು ವರ್ಷವಿಡೀ ದುಡಿದಿದ್ದರು. ಆ ಕಾಳನ್ನು ಕೂಲಿ ಎಂದು ಕೊಟ್ಟಿದ್ದರೆ ಅದು ಹಕ್ಕಾಗುತ್ತಿತ್ತು. ದಯೆ ಎಂದು ಕೊಟ್ಟಿದ್ದರಿಂದ ಋಣವಾಯಿತು. ಹಕ್ಕಿನ ಕಾಳು ತಿಂದವನು ತಲೆ ಎತ್ತಿ ನಡೆಯುತ್ತಾನೆ, ಋಣದ ಕಾಳು ತಿಂದವನು ಮಕ್ಕಳ ತಲೆಯನ್ನೂ ತಗ್ಗಿಸಬೇಕಾಗುತ್ತದೆ.

1927ರ ಮಾರ್ಚ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದು ನಮ್ಮ ಜನರಿಗೆ ಹೇಳಿದ್ದು ಬಾಯಿ ರುಚಿಯ ಮಾತಲ್ಲ. ಆ ತುತ್ತಿನೊಂದಿಗೆ ಬರುವ ಷರತ್ತನ್ನು ಬಿಡಿ ಎಂದು ಅವರು ಹೇಳಿದರು. ಅದೇ ಸಭೆಯವರು ನಡೆದು ಹೋಗಿ ಚವದಾರ ಕೆರೆಯ ನೀರನ್ನು ತಮ್ಮ ಕೈಯಿಂದ ತಾವೇ ಎತ್ತಿ ಕುಡಿದರು. ಮೇಲಿನಿಂದ ಸುರಿದ ನೀರಿಗೂ ಕೈಯಾರೆ ಎತ್ತಿ ಕುಡಿದ ನೀರಿಗೂ ಇರುವ ವ್ಯತ್ಯಾಸವೇ ಇಂದಿನ ನಮ್ಮ ಪಾಠ.

*2. ಯಾರಿಗೂ ಬೇಡವಾದ ಭಿಕ್ಖು*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಖುವಿಗೆ ಅತಿಸಾರ ಹತ್ತಿತ್ತು. ಏಳಲಾರದೆ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನ್ ಬುದ್ಧರು ಆನಂದರೊಂದಿಗೆ ಭಿಕ್ಖುಗಳ ವಸತಿಗಳನ್ನು ನೋಡುತ್ತ ಬಂದಾಗ ಅವನು ಕಣ್ಣಿಗೆ ಬಿದ್ದ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಯಾಕೆ ಎಂದರು. ನಾನು ಉಳಿದ ಭಿಕ್ಖುಗಳಿಗೆ ಏನೂ ಉಪಕಾರ ಮಾಡಿದವನಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ ಎಂದ.

ಬುದ್ಧರು ಆನಂದರಿಗೆ ನೀರು ತರಲು ಹೇಳಿದರು. ಬುದ್ಧರು ನೀರು ಹೊಯ್ದರು, ಆನಂದರು ಮೈ ತೊಳೆದರು. ಬುದ್ಧರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದು ಎತ್ತಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು ಅದೇ ಪ್ರಶ್ನೆ ಕೇಳಿದರು. ಭಿಕ್ಖುಗಳೂ ಅದೇ ಉತ್ತರ ಕೊಟ್ಟರು: ಅವನಿಂದ ನಮಗೆ ಏನೂ ಉಪಯೋಗವಿಲ್ಲ. ಆಗ ಬುದ್ಧರು ಅವರಿಗೆ ತಿಳಿಸಿದ್ದು ಇಷ್ಟು: ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡಬೇಕು? ನನ್ನ ಸೇವೆ ಮಾಡಬೇಕೆನ್ನುವವನು ರೋಗಿಯ ಸೇವೆ ಮಾಡಲಿ.

ಈ ಪ್ರಸಂಗವನ್ನು ಸಾಮಾನ್ಯವಾಗಿ ರೋಗಿಗಳ ಸೇವೆಯ ಪಾಠವಾಗಿ ಓದುತ್ತೇವೆ. ಅದು ನಿಜ. ಆದರೆ ಆ ಭಿಕ್ಖುಗಳ ಉತ್ತರವನ್ನು ಇನ್ನೊಮ್ಮೆ ನೋಡಿ. ಅವರು ಕೆಟ್ಟವರಲ್ಲ, ಮನೆ ಮಠ ಬಿಟ್ಟು ಬಂದವರು. ಆದರೂ ಅವರ ಮನಸ್ಸಿನೊಳಗೆ ಒಂದು ಲೆಕ್ಕದ ಪುಸ್ತಕವಿತ್ತು. ಯಾರು ನಮಗೆ ಏನು ಮಾಡಿದ್ದಾರೆ, ನಾವು ಅವರಿಗೆ ಎಷ್ಟು ಮಾಡಬೇಕು ಎಂಬ ಲೆಕ್ಕ. ಬುದ್ಧರು ಆ ಪುಸ್ತಕವನ್ನೇ ಮುಚ್ಚಿಸಿದರು. ರೋಗಿ ಒಳ್ಳೆಯವನೇ, ವಂದನೆಗೆ ತಪ್ಪದೆ ಬರುತ್ತಿದ್ದನೇ, ಗುಣವಾದ ಮೇಲೆ ಸಂಘಕ್ಕೆ ದುಡಿಯುತ್ತಾನೆಯೇ ಎಂದು ಅವರು ವಿಚಾರಿಸಲಿಲ್ಲ. ಅವನಿಗೆ ಬೇಕಾಗಿತ್ತು, ಅಷ್ಟೇ ಸಾಕಾಯಿತು.

ಅಲ್ಲಿಯೇ ಮುಂದೆ ಒಳ್ಳೆಯ ಶುಶ್ರೂಷಕನ ಐದು ಗುಣಗಳನ್ನು ಹೇಳಿದೆ. ಅವುಗಳಲ್ಲಿ ಒಂದು, ಲಾಭದ ಆಸೆಯಿಂದಲ್ಲದೆ ಮೈತ್ರಿಯ ಮನಸ್ಸಿನಿಂದ ನೋಡಿಕೊಳ್ಳುವುದು. ಇನ್ನೊಂದು, ಮಲಮೂತ್ರ ಎತ್ತಲು ಹೇಸದಿರುವುದು. ಯಾರ ಹೊಲಸನ್ನು ಯಾರು ಎತ್ತಬೇಕು ಎಂಬುದರ ಮೇಲೆಯೇ ಜಾತಿ ಕಟ್ಟಿದ ದೇಶದಲ್ಲಿ, ಶಾಕ್ಯ ಕುಲದಲ್ಲಿ ಹುಟ್ಟಿದ ಇಬ್ಬರು ಈ ಕೆಲಸ ಮಾಡಿದರು ಎಂಬುದನ್ನು ನಾವು ಮರೆಯುವಂತಿಲ್ಲ.

*3. ಬಾಬಾಸಾಹೇಬರು ಕೊಟ್ಟ ಅರ್ಥ*

'ಬುದ್ಧ ಮತ್ತು ಅವನ ಧಮ್ಮ' ಗ್ರಂಥ ಬಾಬಾಸಾಹೇಬರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾರಮಿತೆಗಳನ್ನು ವಿವರಿಸುವಾಗ ಅವರು ದಾನಕ್ಕೆ ಕೊಡುವ ಅರ್ಥದಲ್ಲಿ ಎರಡು ಭಾಗಗಳಿವೆ. ಒಂದು, ಇತರರ ಒಳಿತಿಗಾಗಿ ತನ್ನ ಸ್ವತ್ತನ್ನು, ಅಗತ್ಯ ಬಿದ್ದರೆ ಪ್ರಾಣವನ್ನೂ ಕೊಡುವುದು. ಎರಡು, ಅದಕ್ಕೆ ಪ್ರತಿಯಾಗಿ ಏನನ್ನೂ ಬಯಸದಿರುವುದು. ಮೊದಲ ಭಾಗ ಎಲ್ಲರಿಗೂ ನೆನಪಿರುತ್ತದೆ. ಎರಡನೆಯದು ಜಾರಿಹೋಗುತ್ತದೆ. ಎರಡನೆಯದು ಜಾರಿದರೆ ಉಳಿಯುವುದು ದಾನವಲ್ಲ, ವ್ಯಾಪಾರ.

ಷರತ್ತಿನ ಸಹಾಯ ಹೇಗಿರುತ್ತದೆ ಎಂದು ಬಾಬಾಸಾಹೇಬರು ಹತ್ತಿರದಿಂದ ಕಂಡಿದ್ದರು. 1932ರ ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಅದರ ಬೆನ್ನಿಗೇ ಅಸ್ಪೃಶ್ಯತೆ ನಿವಾರಣೆಗೆ ಒಂದು ಸಂಸ್ಥೆ ಹುಟ್ಟಿತು. ಮುಂದೆ ಹರಿಜನ ಸೇವಕ ಸಂಘ ಎಂದು ಹೆಸರಾದದ್ದು ಅದೇ. ಘನಶ್ಯಾಮದಾಸ ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಬಾಬಾಸಾಹೇಬರೂ ಆರಂಭದಲ್ಲಿ ಅದರ ಮಂಡಳಿಯಲ್ಲಿದ್ದರು. ಅದೇ ನವೆಂಬರ್‌ನಲ್ಲಿ ಲಂಡನ್ನಿಗೆ ಹೋಗುವಾಗ ಹಡಗಿನಿಂದಲೇ ಠಕ್ಕರ್ ಅವರಿಗೆ ದೀರ್ಘ ಪತ್ರ ಬರೆದರು. ಆರಿಸಿದ ಕೆಲವರ ಗುಣ ತಿದ್ದಲು ಹೋಗಬೇಡಿ, ಇಡೀ ಸಮುದಾಯವನ್ನು ಅದುಮಿಟ್ಟ ಪರಿಸ್ಥಿತಿಯನ್ನು ತಿದ್ದಿ. ಬಾವಿ, ಶಾಲೆ, ರಸ್ತೆಗಳ ಹಕ್ಕಿಗಾಗಿ ನಿಲ್ಲಿ. ಕೆಲಸಗಾರರನ್ನು ಆದಷ್ಟು ಆ ಸಮುದಾಯದಿಂದಲೇ ಆರಿಸಿ. ಇದು ಆ ಪತ್ರದ ಸಾರ.

ಆ ದಾರಿ ಹಿಡಿಯಲಿಲ್ಲ. ಸಂಘದ ಆಡಳಿತದಲ್ಲಿ ನಮ್ಮವರಿಗೆ ಜಾಗ ಬೇಕೆಂದಾಗ, ಇದು ಸವರ್ಣರು ತಮ್ಮ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಸಂಸ್ಥೆ, ಆದ್ದರಿಂದ ಅವರೇ ನಡೆಸಬೇಕು ಎಂಬುದು ಗಾಂಧೀಜಿಯವರ ನಿಲುವಾಗಿತ್ತು. ಬಾಬಾಸಾಹೇಬರು ಹೊರಬಂದರು. ಇಂಥ ಸಹಾಯ ನಮ್ಮವರಲ್ಲಿ ಗುಲಾಮಿ ಮನಸ್ಸು ಬೆಳೆಸುತ್ತದೆ ಎಂದು 1945ರ ತಮ್ಮ ಪುಸ್ತಕದಲ್ಲಿ ಖಾರವಾಗಿ ವಿಮರ್ಶಿಸಿದರು. ಅಲ್ಲಿ ಹಣವಿತ್ತು, ವಸತಿಗೃಹಗಳಿದ್ದವು, ವಿದ್ಯಾರ್ಥಿವೇತನಗಳಿದ್ದವು. ಇಲ್ಲದಿದ್ದದ್ದು ಒಂದೇ: ಪಡೆಯುವವರ ಮಾತಿಗೆ ಬೆಲೆ.

ಇದನ್ನು ಬೇರೆಯವರನ್ನು ಬೈಯಲು ನೆನಪಿಸುತ್ತಿಲ್ಲ. ಇಂದು ನಮ್ಮಲ್ಲಿ ಕೆಲವರಿಗೆ ನೌಕರಿ ಇದೆ, ಪಿಂಚಣಿ ಇದೆ, ಮನೆಯಿದೆ. ಕೊಡುವ ಜಾಗದಲ್ಲಿ ನಾವು ನಿಂತಿದ್ದೇವೆ. ಅದೇ ಅಳತೆಗೋಲನ್ನು ಈಗ ನಮಗೆ ಹಿಡಿದು ನೋಡಬೇಕು.

*4. ನಮ್ಮ ಬಳಗದಲ್ಲಿ ಎದ್ದ ಪ್ರಶ್ನೆ*

ಕಲಬುರಗಿಯ ನಮ್ಮ ಬಳಗದಲ್ಲಿ ಮಳೆಗಾಲದ ನಾಲ್ಕು ತಿಂಗಳು ದಿನಸಿ ಕಿಟ್ ಕೊಡುವ ಪದ್ಧತಿ ಇದೆ. ಕೂಲಿ ಸಿಗದ ದಿನಗಳು ಅವು. ಈ ವರ್ಷ ಸಭೆಯಲ್ಲಿ ಒಬ್ಬ ಉಪಾಸಕರು ಎದ್ದು ಒಂದು ಮಾತು ಹೇಳಿದರು. ಅವರು ಪ್ರಾಮಾಣಿಕರು, ವಿಹಾರಕ್ಕೆ ತುಂಬಾ ದುಡಿದವರು. "ಅಣ್ಣಾರ, ನಮ್ಮ ಹತ್ರ ಇರೂದೇ ಸ್ವಲ್ಪ ರೊಕ್ಕ. ದೀಕ್ಷಾ ತಗೊಂಡವರಿಗೇ ಸಾಲಂಗಿಲ್ಲ. ಇನ್ನಾ ಜಗಲಿ ಮ್ಯಾಲ ಎಲ್ಲಮ್ಮನ್ನ ಇಟ್ಕೊಂಡವರಿಗೆ ಯಾಕ ಕೊಡಬೇಕು? ಮೊದಲ ಭಾನುವಾರ ವಂದನಾಕ್ಕ ಬರ್ಲಿ, ತ್ರಿಸರಣ ಹೇಳ್ಲಿ, ಆಮ್ಯಾಲ ಕೊಡೋಣ" ಎಂದರು. ಇನ್ನೊಬ್ಬರು ಅದಕ್ಕೆ ಸೇರಿಸಿದರು: ಕೊಡುವಾಗ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ದಾನಿಗಳಿಗೂ ನಂಬಿಕೆ ಬರುತ್ತದೆ.

ಈ ಮಾತುಗಳನ್ನು ನಗೆಯಾಡಿ ತಳ್ಳಿಹಾಕಬಾರದು. ಹಣ ಕಡಿಮೆ ಇರುವುದು ನಿಜ. ಧಮ್ಮ ಬೆಳೆಯಬೇಕೆಂಬ ಆಸೆಯೂ ನಿಜ. ದಾನಿಗಳಿಗೆ ಲೆಕ್ಕ ಕೊಡಬೇಕಾದದ್ದೂ ನಿಜ. ಆದರೆ ನಾನು ಅಂದು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಹಣ ಕಡಿಮೆ ಇದ್ದಾಗ ಕೇಳಬೇಕಾದ ಪ್ರಶ್ನೆ 'ಯಾರು ನಮ್ಮವರು' ಎಂಬುದಲ್ಲ, 'ಯಾರ ಒಲೆ ಹೊತ್ತಿಲ್ಲ' ಎಂಬುದು. ಮೊದಲನೆಯ ಪ್ರಶ್ನೆಯಿಂದ ಹೊರಟರೆ ನಾವು ಬೇಗನೆ ಒಳಜಾತಿಗೆ ಬಂದು ನಿಲ್ಲುತ್ತೇವೆ. ಬಲಗೈ, ಎಡಗೈ ಎಂದು ಓಣಿ ಬೇರೆ, ಬಾವಿ ಬೇರೆ ಮಾಡಿಕೊಂಡ ರೋಗ ನಮ್ಮೊಳಗಿನಿಂದ ಪೂರ್ತಿ ಹೋಗಿಲ್ಲ ಎಂಬುದು ನಮಗೇ ಗೊತ್ತು.

ಅದೇ ವಾರ ನಾವಿಬ್ಬರು ಒಂದು ಮನೆಗೆ ಹೋಗಿದ್ದೆವು. ಪಕ್ಕದ ಓಣಿಯ ಮಾದಿಗ ಕುಟುಂಬ. ಮಗ ಹಾಸಿಗೆ ಹಿಡಿದಿದ್ದ, ಸೊಸೆ ಕೂಲಿಗೆ ಹೋಗಿದ್ದಳು. ಬಾಗಿಲಲ್ಲಿ ಚೀಲ ಕಂಡ ಕೂಡಲೇ ಆ ತಾಯಿ, "ತಮ್ಮಾ, ಫೋಟೋ ತಗೀತೀರೇನು? ತಗಿಯೂದಿದ್ರ ಸ್ವಲ್ಪ ನಿಂದರ್ರಿ, ಈ ಸೀರಿ ಹರದಾದ, ಬದಲಿಸಿ ಬರ್ತೀನಿ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಚುನಾವಣೆಯವರು, ಸಂಘದವರು, ಕಂಪನಿಯವರು ಬಂದು ಬಂದು ಅವರಿಗೆ ಅಭ್ಯಾಸವಾಗಿತ್ತು. ಐದು ಕಿಲೋ ಅಕ್ಕಿಗೆ ಒಂದು ಫೋಟೋ ಎಂಬ ದರ ಅವರಿಗೆ ಬಾಯಿಪಾಠವಾಗಿತ್ತು. ನಮ್ಮ ಉಪಾಸಿಕೆ ಅಕ್ಕ, "ಫೋಟೋ ಇಲ್ಲವ್ವಾ, ಚಾ ಇಟ್ಟೀರಂದ್ರ ಕುಡ್ದು ಹೋಗ್ತೀವಿ" ಎಂದರು. ಆ ತಾಯಿ ನಮ್ಮ ಮುಖ ನೋಡಿ, "ನಮ್ಮ ಮನ್ಯಾಗ ಕುಡೀತೀರೇನ್ರಿ?" ಎಂದು ಕೇಳಿದರು. ಕುಡಿದೆವು. ಜಗಲಿಯ ಮೇಲೆ ಎಲ್ಲಮ್ಮ ಇದ್ದಳು. ನಾವು ಅದರ ಮಾತೆತ್ತಲಿಲ್ಲ.

*5. ಧಮ್ಮವನ್ನು ಅಕ್ಕಿಗೆ ತೂಗಬಾರದು*

ದೀಕ್ಷೆ ತೆಗೆದುಕೊಳ್ಳದವರಿಗೆ ಕೊಟ್ಟರೆ ನಮ್ಮ ಪ್ರತಿಜ್ಞೆಗೆ ಭಂಗವಲ್ಲವೇ? ಇದಕ್ಕೆ ಬುದ್ಧರ ಜೀವನದಲ್ಲೇ ಉತ್ತರವಿದೆ.

ಮಜ್ಝಿಮ ನಿಕಾಯದಲ್ಲಿ ಉಪಾಲಿ ಎಂಬ ಗೃಹಪತಿಯ ಕಥೆ ಬರುತ್ತದೆ. ಅವನು ನಿಗಂಠರ, ಅಂದರೆ ಜೈನ ಶ್ರಮಣರ ಅನುಯಾಯಿ. ಬುದ್ಧರನ್ನು ವಾದದಲ್ಲಿ ಸೋಲಿಸಲು ಬಂದು ಉಪಾಸಕನಾದ. ಬುದ್ಧರು ಮೊದಲು ಅವನಿಗೆ, ಚೆನ್ನಾಗಿ ವಿಚಾರ ಮಾಡು, ಆತುರ ಬೇಡ ಎಂದರು. ಅವನು ಒಪ್ಪಿದ ಮೇಲೆ, ಇಷ್ಟು ಕಾಲ ನಿನ್ನ ಮನೆ ನಿಗಂಠರಿಗೆ ನೀರಿನ ಆಸರೆಯಂತೆ ಇತ್ತು, ಅವರು ಬಂದರೆ ಭಿಕ್ಷೆ ಕೊಡುವುದನ್ನು ನಿಲ್ಲಿಸಬೇಡ ಎಂದು ತಿಳಿಸಿದರು. ಲಿಚ್ಛವಿಗಳ ಸೇನಾಪತಿ ಸಿಂಹನಿಗೂ ಇದನ್ನೇ ಹೇಳಿದರು. ತನ್ನ ಕಡೆ ಬಂದವನಿಗೆ, ಹಳೆಯ ಕಡೆಯವರ ಅನ್ನ ಕಡಿಯಬೇಡ ಎನ್ನುವ ಗುರು ಅವರು.

ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಎಂಬ ಊರಿನ ಕಥೆಯಿದೆ. ಬುದ್ಧರು ಬಂದಿದ್ದಾರೆ, ಊಟವಾಗಿದೆ, ಜನ ಉಪದೇಶಕ್ಕೆ ಕಾದಿದ್ದಾರೆ. ತಪ್ಪಿಸಿಕೊಂಡ ಎತ್ತನ್ನು ಹುಡುಕಿ ಸುಸ್ತಾದ ಒಬ್ಬ ಬಡ ರೈತ ಹಸಿದುಕೊಂಡು ಬಂದ. ಬುದ್ಧರು ಉಪದೇಶ ಶುರುಮಾಡಲಿಲ್ಲ. ಉಳಿದ ಊಟವಿದೆಯೇ ಎಂದು ವಿಚಾರಿಸಿ ಮೊದಲು ಅವನಿಗೆ ಬಡಿಸಲು ಹೇಳಿದರು. ಭಿಕ್ಖುಗಳು ಆಮೇಲೆ ಇದಕ್ಕೆ ಗೊಣಗಿದರು. ಅವನು ಉಂಡ ಮೇಲೆಯೇ ಧಮ್ಮದ ಮಾತು ಬಂತು. ಅನ್ನ ಮೊದಲು, ಮಾತು ಆಮೇಲೆ. ಅನ್ನಕ್ಕಾಗಿ ಮಾತು ಕೇಳಬೇಕೆಂಬ ಕಟ್ಟಳೆ ಅಲ್ಲಿ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಕಲ್ಲಿನ ಸಾಕ್ಷಿಯಿದೆ. ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಸಾಮ್ರಾಟ ಅಶೋಕರ ಶಾಸನಗಳು ಸಿಕ್ಕವು. ಅವುಗಳಲ್ಲಿ ಒಂದು 12ನೆಯ ಶಿಲಾಶಾಸನ. ಎಲ್ಲ ಪಂಥಗಳವರನ್ನೂ ಗೌರವಿಸುತ್ತೇನೆ, ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ಭಾವ. ಕನಗನಹಳ್ಳಿ ಸ್ತೂಪ ನೋಡಲು ಪ್ರವಾಸ ಹೋಗುವವರು ಈ ಶಾಸನದ ಅರ್ಥವನ್ನೂ ಓದಿ ಬನ್ನಿ.

ಇನ್ನೊಂದು ಲೆಕ್ಕ ನೋಡಿ. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಘೋಷಿಸಿದ್ದು 1935ರಲ್ಲಿ. ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅಷ್ಟು ದೊಡ್ಡ ಬುದ್ಧಿಗೆ ಓದಿ, ತೂಗಿ, ನಿರ್ಧರಿಸಲು 21 ವರ್ಷ ಬೇಕಾಯಿತು. ಹಸಿದ ಒಬ್ಬ ತಾಯಿ ಒಂದು ದಿನಸಿ ಚೀಲದ ಮುಂದೆ ನಿಂತು ಐದು ನಿಮಿಷದಲ್ಲಿ ನಿರ್ಧರಿಸಬೇಕೆಂದು ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಹಾಗೆ ಹೇಳಿಸಿದ ತ್ರಿಸರಣ ಧಮ್ಮಕ್ಕೂ ಗೌರವವಲ್ಲ, ಆ ತಾಯಿಗೂ ಅಲ್ಲ. ಅಕ್ಕಿಗೆ ಬಂದವರು ಹೆಚ್ಚು ಅಕ್ಕಿ ಕೊಡುವವರ ಕಡೆ ಹೋಗುತ್ತಾರೆ. ಅದು ಅವರ ತಪ್ಪಲ್ಲ, ವ್ಯಾಪಾರದ ನಿಯಮ.

ಹಾಗಾದರೆ ಧಮ್ಮದ ಮಾತೇ ಆಡಬಾರದೇ? ಆಡಬೇಕು. ಯಾರಾದರೂ ತಾವಾಗಿಯೇ ನೀವು ಯಾರು, ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದರೆ ಸಂತೋಷದಿಂದ ಹೇಳಬೇಕು. ಕೇಳದಿದ್ದರೂ ಮುಂದಿನ ತಿಂಗಳು ಅಷ್ಟೇ ಪ್ರೀತಿಯಿಂದ ಹೋಗಬೇಕು.

*6. ಐದು ದೋಷ, ಐದು ಗುಣ*

ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ ಅಸತ್ಪುರುಷನ ದಾನ, ಸತ್ಪುರುಷನ ದಾನ ಎಂದು ಎರಡು ಚಿಕ್ಕ ಸುತ್ತಗಳು ಒಂದರ ಪಕ್ಕ ಒಂದಿವೆ. ನಮ್ಮ ಕಾಲಕ್ಕೆಂದೇ ಹೇಳಿದಂತಿವೆ.

ಅಸತ್ಪುರುಷನು ಅಗೌರವದಿಂದ ಕೊಡುತ್ತಾನೆ. ಪಡೆಯುವವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಡುತ್ತಾನೆ. ತನ್ನ ಕೈಯಿಂದ ಕೊಡುವುದಿಲ್ಲ. ಬಿಸಾಡುವಂಥದ್ದನ್ನು ಕೊಡುತ್ತಾನೆ. ಇದರ ಫಲ ಮುಂದೆ ಏನಾಗುತ್ತದೆ ಎಂಬ ನೋಟವಿಲ್ಲದೆ ಕೊಡುತ್ತಾನೆ.

ಸತ್ಪುರುಷನು ಶ್ರದ್ಧೆಯಿಂದ ಕೊಡುತ್ತಾನೆ. ಗೌರವದಿಂದ ಕೊಡುತ್ತಾನೆ. ಸಕಾಲದಲ್ಲಿ ಕೊಡುತ್ತಾನೆ. ಬಿಗಿಹಿಡಿಯದ ಮನಸ್ಸಿನಿಂದ ಕೊಡುತ್ತಾನೆ. ತನಗೂ ಇನ್ನೊಬ್ಬರಿಗೂ ಘಾಸಿಯಾಗದಂತೆ ಕೊಡುತ್ತಾನೆ.

ನಮ್ಮ ಬಳಗವು ಚರ್ಚೆ ಮಾಡಿ ಒಪ್ಪಿಕೊಂಡ ನಡೆಗಳನ್ನು ಈ ಸುತ್ತಗಳ ಬೆಳಕಿನಲ್ಲಿ ಹಂಚಿಕೊಳ್ಳುತ್ತೇನೆ. ನಿಮ್ಮ ಊರಿಗೆ ಹೊಂದುವಂತೆ ಬದಲಿಸಿಕೊಳ್ಳಿ.

ಗೌರವ: ಇಬ್ಬರೇ ಹೋಗುವುದು, ಗುಂಪು ಬೇಡ. ಬ್ಯಾನರ್ ಬೇಡ, ಹೆಸರು ಮುದ್ರಿಸಿದ ಚೀಲ ಬೇಡ, ಫೋಟೋ ಬೇಡ. ಕೂರಲು ಹೇಳಿದರೆ ಕೂರುವುದು, ನೀರು ಕೊಟ್ಟರೆ ಕುಡಿಯುವುದು. ನಮ್ಮ ಕೈಯ ನೀರನ್ನು ಊರು ಮುಟ್ಟದಿದ್ದಾಗ ಹೇಗಾಗುತ್ತಿತ್ತು ಎಂದು ನಮಗೆ ಗೊತ್ತು.

ಲೆಕ್ಕಕ್ಕೆ ತೆಗೆದುಕೊಳ್ಳುವುದು: ಏನು ಬೇಕು ಎಂದು ಮೊದಲು ಕೇಳುವುದು. ಕೆಲವರಿಗೆ ಅಕ್ಕಿ ಇದೆ, ಗ್ಯಾಸ್ ಇಲ್ಲ. ಕೆಲವರಿಗೆ ಬೇಕಾದದ್ದು ಮಗಳ ಬಸ್ ಪಾಸ್. ಓಣಿಯ ಕಿರಾಣಿ ಅಂಗಡಿಯಲ್ಲಿ ಇಷ್ಟು ಹಣ ಎಂದು ಮೊದಲೇ ಕಟ್ಟಿಟ್ಟರೆ, ಎಲ್ಲರಂತೆ ಅಂಗಡಿಗೆ ಹೋಗಿ ಬೇಕಾದದ್ದನ್ನು ಆರಿಸಿ ತರುತ್ತಾರೆ. ಆರಿಸುವುದೂ ಒಂದು ಮರ್ಯಾದೆ.

ಬಿಸಾಡುವಂಥದ್ದು ಬೇಡ: ಗುಂಡಿ ಕಿತ್ತ ಅಂಗಿ, ಅರ್ಧ ಬರೆದ ನೋಟುಬುಕ್ಕು, ಅವಧಿ ಮುಗಿದ ಮಾತ್ರೆ ಇವನ್ನು ದಾನ ಎನ್ನಬೇಡಿ. ನಮ್ಮ ಮನೆಗೆ ತರುವ ಬೇಳೆಯೇ ಅವರಿಗೂ.

ಸಕಾಲ: ಜಯಂತಿ ಬರಲಿ, ಕಾರ್ಯಕ್ರಮದಲ್ಲಿ ಕೊಡೋಣ ಎಂದು ತಡೆಹಿಡಿಯಬಾರದು. ಶುಲ್ಕದ ಕೊನೆಯ ದಿನ ಜಯಂತಿಗೆ ಕಾಯುವುದಿಲ್ಲ. ವೇದಿಕೆಗೆ ಕರೆದು ಹೆಸರು ಕೂಗುವುದಂತೂ ಬೇಡವೇ ಬೇಡ.

ಬಿಗಿಹಿಡಿಯದ ಮನಸ್ಸು: ಕೊಟ್ಟ ಮೇಲೆ ದಾರದ ಒಂದು ತುದಿ ನಮ್ಮ ಕೈಯಲ್ಲಿ ಉಳಿಯಬಾರದು. ವಂದನೆಗೆ ಬಂದರೇ, ಜೈಭೀಮ್ ಎಂದರೇ, ನಮ್ಮವರಿಗೇ ವೋಟು ಹಾಕಿದರೇ, ಹುಡುಗನಿಗೆ ಕೊಡಿಸಿದ ಮೊಬೈಲಿನಲ್ಲಿ ಪಾಠ ನೋಡುತ್ತಾನೋ ಸಿನಿಮಾ ನೋಡುತ್ತಾನೋ ಎಂದು ಹಿಂದೆ ಬೀಳಬಾರದು.

ಘಾಸಿಯಾಗದಂತೆ: ಯಾರಿಗೆ ಕೊಟ್ಟೆವು ಎಂಬುದು ಹೋದ ಇಬ್ಬರಿಗೂ ಖಜಾಂಚಿಗೂ ಮಾತ್ರ ಗೊತ್ತಿರಬೇಕು. ಗ್ರೂಪಿಗೆ ಬಂದ ಹಣ ಎಷ್ಟು, ಎಷ್ಟು ಮನೆಗೆ ಹೋಯಿತು, ಉಳಿದದ್ದೆಷ್ಟು ಎಂದು ಬಿಲ್ ಸಮೇತ ಹಾಕಿದರೆ ಸಾಕು. ದಾನಿಗಳ ನಂಬಿಕೆಗೆ ಲೆಕ್ಕ ಬೇಕು, ಮುಖ ಬೇಕಿಲ್ಲ. ತನಗೂ ಘಾಸಿಯಾಗದಂತೆ ಎಂದು ಬುದ್ಧರು ಹೇಳಿದ್ದನ್ನೂ ಮರೆಯಬೇಡಿ. ಸಾಲ ಮಾಡಿ ಕೊಡಬೇಕಿಲ್ಲ, ಹಣವಿಲ್ಲದವರು ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯ ಜೊತೆ ಕೂತರೆ ಅದೂ ದಾನವೇ.

*7. ವಿಚಾರಣೆ ಬೇರೆ, ಷರತ್ತು ಬೇರೆ*

ಷರತ್ತಿಲ್ಲ ಎಂದರೆ ಏನೂ ವಿಚಾರಿಸಬಾರದು ಎಂದಲ್ಲ. ಮನೆಯಲ್ಲಿ ಎಷ್ಟು ಜನ, ಔಷಧಿಗೆ ಎಷ್ಟು ಖರ್ಚು, ರೇಷನ್ ಕಾರ್ಡು ಇದೆಯೇ ಎಂದು ಕೇಳಲೇಬೇಕು. ವಿಚಾರಣೆ 'ನಿಮಗೆ ಏನು ಬೇಕು' ಎಂದು ಕೇಳುತ್ತದೆ. ಷರತ್ತು 'ನಮಗೆ ಏನು ಕೊಡುತ್ತೀರಿ' ಎಂದು ಕೇಳುತ್ತದೆ. ನಮ್ಮ ಪ್ರಶ್ನೆ ಯಾವುದು ಎಂದು ಅನುಮಾನ ಬಂದಾಗ ಈ ಎರಡು ಮಾತುಗಳಲ್ಲಿ ಯಾವುದಕ್ಕೆ ಹತ್ತಿರವಿದೆ ಎಂದು ನೋಡಿಕೊಳ್ಳಿ.

ರೇಷನ್ ಕಾರ್ಡಿನ ಮಾತು ಬಂದದ್ದರಿಂದ ಒಂದು ಮುಖ್ಯ ವಿಷಯ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಹಕ್ಕು. ಬೆರಳಚ್ಚು ಹೊಂದುತ್ತಿಲ್ಲ, ಸೊಸೆಯ ಹೆಸರು ಸೇರಿಲ್ಲ, ಇ-ಕೆವೈಸಿ ಆಗಿಲ್ಲ ಎಂದು ಎಷ್ಟೋ ಮನೆಗಳಿಗೆ ಅದು ಪೂರ್ತಿ ಮುಟ್ಟುವುದಿಲ್ಲ. ನಮ್ಮ ಬಳಗದ ಒಬ್ಬ ಪದವೀಧರ ಹುಡುಗಿ ಅವರ ಜೊತೆ ಕಚೇರಿಗೆ ಹೋಗಿ ಒಂದು ಹೆಸರು ಸೇರಿಸಿಕೊಟ್ಟರೆ, ನಾವು ವರ್ಷಕ್ಕೆ ನಾಲ್ಕು ಸಲ ಕೊಡುವ ಕಿಟ್‌ಗಿಂತ ಅದು ದೊಡ್ಡದು. ಯಾಕೆಂದರೆ ಆ ಅಕ್ಕಿಗೆ ಅವರು ಯಾರಿಗೂ ಕೈ ಮುಗಿಯಬೇಕಿಲ್ಲ.

ದೀಘ ನಿಕಾಯದ ಕೂಟದಂತ ಸುತ್ತದಲ್ಲಿ ಇದೇ ದಾರಿ ಇದೆ. ರಾಜ್ಯದಲ್ಲಿ ಕಳ್ಳತನ ಹೆಚ್ಚಿದಾಗ ಶಿಕ್ಷೆಯಿಂದ ಅದು ನಿಲ್ಲದು ಎಂದು ಪುರೋಹಿತ ರಾಜನಿಗೆ ತಿಳಿಸುತ್ತಾನೆ. ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಸಂಬಳ ಕೊಡು ಎಂದು ಸಲಹೆ ಕೊಡುತ್ತಾನೆ. ಕೈ ಚಾಚುವ ಸ್ಥಿತಿಯೇ ಬಾರದಂತೆ ಮಾಡುವುದು ದಾನದ ಕೊನೆಯ ಗುರಿ. ಹೊಟ್ಟೆ ಇವತ್ತೇ ಹಸಿಯುತ್ತದೆ, ಆದ್ದರಿಂದ ಇವತ್ತು ಅಕ್ಕಿ ಕೊಡಬೇಕು. ನಾಳೆಯೂ ನಾವೇ ಕೊಡುತ್ತಿರಬೇಕು ಎಂಬ ಆಸೆ ಮಾತ್ರ ಇರಬಾರದು.

*8. ಪಡೆಯುವವರಿಗೆ ಒಂದು ಮಾತು*

ಈ ಸಂದೇಶ ಓದುವವರಲ್ಲಿ ಈ ತಿಂಗಳು ಕಷ್ಟದಲ್ಲಿರುವವರೂ ಇದ್ದೀರಿ. ನಿಮಗೆ ಒಂದು ಮಾತು. ತಥಾಗತರು 45 ವರ್ಷ ಪಾತ್ರೆ ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತರು. ಭಿಕ್ಖು ಬಾಗಿಲಲ್ಲಿ ಮೌನವಾಗಿ ನಿಲ್ಲುತ್ತಾನೆ, ಗೋಗರೆಯುವುದಿಲ್ಲ. ಅಲ್ಲಿ ಬಾಗುವುದು ಕೊಡುವವರ ತಲೆ, ಪಡೆಯುವವರದಲ್ಲ. ಪಡೆಯುವುದು ಕೀಳು ಎಂದು ನಮಗೆ ಕಲಿಸಿದ್ದು ಜಾತಿ, ಧಮ್ಮವಲ್ಲ.

ಸಹಾಯ ಬೇಕಾದಾಗ ಕೇಳಿ. ಅದನ್ನು ತೀರಿಸಬೇಕಿಲ್ಲ. ಮುಂದೆ ಅನುಕೂಲವಾದಾಗ ಕೊಡಬೇಕೆನಿಸಿದರೆ ಡಬ್ಬಿ ಇದ್ದೇ ಇದೆ, ಅನಿಸದಿದ್ದರೂ ನೀವು ನಮ್ಮವರೇ. ನಮ್ಮ ದಾನ ಸಮಿತಿಯ ಐವರಲ್ಲಿ ಇಬ್ಬರು ಹಿಂದೆ ಸಹಾಯ ಪಡೆದವರೇ ಇದ್ದಾರೆ. ಏನು ಕೊಡಬೇಕು, ಹೇಗೆ ಕೊಡಬೇಕು ಎಂಬುದರಲ್ಲಿ ಅವರ ಮಾತೇ ನಮಗೆ ಹೆಚ್ಚು ದಾರಿ ತೋರಿಸಿದೆ. 1932ರ ಪತ್ರದಲ್ಲಿ ಬಾಬಾಸಾಹೇಬರು ಕೇಳಿದ್ದೂ ಇಂಥದ್ದನ್ನೇ.

ಅಂದಿನ ಸಭೆಯ ಚರ್ಚೆ ಹೇಗೆ ಮುಗಿಯಿತು ಎಂದು ಕೆಲವರು ಕೇಳಿದ್ದೀರಿ. ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದರು ಎಂದು ಹೇಳಲಾರೆ. ಆದರೆ ಹಾಜರಿಯ ಷರತ್ತು ಬಿಟ್ಟೆವು, ಫೋಟೋ ಬಿಟ್ಟೆವು. ಆ ಪ್ರಶ್ನೆ ಎತ್ತಿದ ಉಪಾಸಕರೇ ಮರುವಾರ, "ನಾನೂ ಒಂದು ಮನಿಗೆ ಹೋಗಿ ನೋಡ್ತೀನಿ" ಎಂದು ಚೀಲ ಎತ್ತಿಕೊಂಡರು. ಭಿನ್ನಾಭಿಪ್ರಾಯವಿದ್ದೂ ಕೈ ಜೋಡಿಸುವುದು ಸಂಘದ ಲಕ್ಷಣ.

*ಇಂದಿನ ಮನನಕ್ಕೆ ಮೂರು ಪ್ರಶ್ನೆಗಳು*

1. ನನಗೆ ಕಷ್ಟಕಾಲದಲ್ಲಿ ಯಾರಾದರೂ ಷರತ್ತಿಲ್ಲದೆ ಸಹಾಯ ಮಾಡಿದ್ದಾರೆಯೇ? ಆಗ ನನ್ನ ಮನಸ್ಸು ಹೇಗಿತ್ತು?

2. ನಾನು ಕೊಟ್ಟದ್ದರಲ್ಲಿ ಯಾವುದಕ್ಕಾದರೂ ಇನ್ನೂ ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಂಡಿದ್ದೇನೆಯೇ?

3. ನನ್ನ ಓಣಿಯಲ್ಲಿ, ನನ್ನ ಒಳಜಾತಿಯವರಲ್ಲದ, ದೀಕ್ಷೆ ಪಡೆಯದ ಯಾವ ಮನೆಗೆ ಈ ವಾರ ನಾನು ಹೋಗಿ ಮಾತಾಡಿಸಬಹುದು?

*ಇಂದಿನ ಸಂಕಲ್ಪ*

ಇಂದು ನಾನು ಒಬ್ಬರಿಗೆ ಏನನ್ನಾದರೂ ಕೊಡುತ್ತೇನೆ. ಹಣವಾಗಲಿ, ಸಮಯವಾಗಲಿ, ಒಂದು ಅರ್ಜಿ ಬರೆದುಕೊಡುವುದಾಗಲಿ. ಅವರ ಮನೆಯ ನೀರು ಕುಡಿಯುತ್ತೇನೆ. ಅದನ್ನು ಯಾರಿಗೂ ಹೇಳುವುದಿಲ್ಲ, ಸ್ಟೇಟಸ್‌ಗೂ ಹಾಕುವುದಿಲ್ಲ.

ನಾಳೆ ಬೆಳಿಗ್ಗೆ: ಖಂತಿ ಪಾರಮಿತಾ. ಈ ಚಿಂತನೆ ಉಪಯುಕ್ತ ಎನಿಸಿದರೆ ನಿಮ್ಮ ಊರಿನ ಬಳಗಗಳಿಗೂ ಕಳಿಸಿ, ಭಾನುವಾರದ ವಂದನೆಯ ನಂತರ ಓದಿ ಚರ್ಚಿಸಿ.

ಸಾಧು, ಸಾಧು, ಸಾಧು.
ಜೈಭೀಮ್. ನಮೋ ಬುದ್ಧಾಯ.